ಅಟ್ಟದ ಮೇಲಿನ ಟ್ರಂಕು



ಮನೆ ಬದಲಾಯಿಸುವ ಕಾಲಕ್ಕೆ ಹಳೆಯ ಸಾಮಾನುಗಳ ಗತಿಯೇನು ಎಂಬ ವಿಷಯವಾಗಿ ಹಿಂದಿನ ಸಂಚಿಕೆಯಲ್ಲಿ ನಾಲ್ಕು ಮಾತು ಬರೆದಿದ್ದೆನಷ್ಟೆ. ಅದನ್ನೋದಿದ ತಾಯಿಯೊಬ್ಬರು ಪತ್ರ ಬರೆದು, ‘ಎಲ್ಲರ ಅಟ್ಟದ ಲೆಕ್ಕವನ್ನೂ ಕೇಳಿದಿರಿ, ತಮ್ಮ ಅಟ್ಟದಲ್ಲಿ ಏನಿತ್ತೆಂಬುದನ್ನು ಮಾತ್ರ ಜಾಣತನದಿಂದ ಬಿಟ್ಟಿರಿ’ ಎಂದು ಆಕ್ಷೇಪಿಸಿದ್ದಾರೆ. ಆಕ್ಷೇಪಣೆ ನ್ಯಾಯವಾದುದೇ. ಬಿಟ್ಟದ್ದು ನಿಜ, ಆದರೆ ಜಾಣತನದಿಂದಲ್ಲ, ಸಂಕೋಚದಿಂದ. ಎಪ್ಪತ್ತು ದಾಟಿದ ಮನುಷ್ಯ ಆಟದ ವಿಮಾನಗಳ ಸುದ್ದಿಯನ್ನು ಇಂಥ ಪತ್ರಿಕೆಯಲ್ಲಿ ಬರೆಯುವುದೆಂದರೆ ಸಂಕೋಚವಾಗದಿರುತ್ತದೆಯೇ?

ನಮ್ಮ ಅಟ್ಟದ ಮೇಲೆ ತಾಮ್ರದ ಹಂಡೆ, ಒಂದು ಕಾಲು ಮುರಿದ ತೊಟ್ಟಿಲು, ಲಿಂಗೈಕ್ಯರಾದ ನಮ್ಮ ತಂದೆಯವರ ಪಂಚಾಂಗಗಳ ಕಟ್ಟು, ಇವೆಲ್ಲದರ ಹಿಂದೆ ಒಂದು ತಗಡಿನ ಟ್ರಂಕು ಇತ್ತು. 1981ನೆಯ ಇಸವಿಯ ಶಿವರಾತ್ರಿ ಕಳೆದ ಮೇಲೆ ನಾನೇ ಅದಕ್ಕೆ ಬೀಗ ಹಾಕಿ ಮೇಲಕ್ಕೇರಿಸಿದ್ದೆ. 2024ರಲ್ಲಿ ಆ ಮನೆಯನ್ನು ಬಿಟ್ಟು ಮಗನ ಅಪಾರ್ಟ್‌ಮೆಂಟಿಗೆ ಬರುವುದೆಂದು ನಿಶ್ಚಯವಾದಾಗ ಅದು ಕೆಳಗಿಳಿಯಿತು. ಮಗನು ಧೂಳು ಕೊಡವುತ್ತ, ‘ಅಪ್ಪ, ಇದನ್ನು ಗುಜರಿಯವನಿಗೆ ಹಾಕಿಬಿಡೋಣವೇ?’ ಎಂದ. ಸಾಮಾನು ಕಟ್ಟಲು ಮೈಸೂರಿನಿಂದ ಬಂದಿದ್ದ ಮಗಳು, ‘ಹಾಕುವುದಕ್ಕೆ ಮೊದಲು ತೆರೆದಾದರೂ ನೋಡೋಣ, ಬೀಗದ ಕೈ ಎಲ್ಲಿದೆಯಪ್ಪ?’ ಎಂದು ಕೇಳಿದಳು. ನಾನು ಒಂದು ಕ್ಷಣವೂ ಯೋಚಿಸದೆ ನನ್ನ ಮೇಜಿನ ಎಡಗಡೆಯ ಖಾನೆಯನ್ನು ತೋರಿಸಿದೆ. ‘ಮರೆತೆನೆಂದು ಹೇಳುತ್ತಿದ್ದ ವಸ್ತುವಿನ ಬೀಗದ ಕೈ ಮಾತ್ರ ಇಷ್ಟು ಚೆನ್ನಾಗಿ ನೆನಪಿದೆಯಲ್ಲ!’ ಎಂದು ನಮ್ಮ ಮನೆಯವರು ಅಡುಗೆಮನೆಯಿಂದಲೇ ಅಂದರು.

ಟ್ರಂಕಿನೊಳಗೆ ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿದ ಇಪ್ಪತ್ತಮೂರು ಪುಟ್ಟ ವಿಮಾನಗಳು, ಬಿಚ್ಚದೇ ಉಳಿದ ಐದು ಪೊಟ್ಟಣಗಳು, ಚಿಮಟ, ಅರ, ಒಣಗಿ ಕಲ್ಲಾದ ಬಣ್ಣದ ಡಬ್ಬಿಗಳು, ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಅರ್ಧ ಕಟ್ಟಿದ ಒಂದು ವಿಮಾನ, ಮತ್ತು ಒಂದು ನೋಟುಪುಸ್ತಕ ಇದ್ದುವು.

ಈ ಕೆಲಸದ ಪರಿಚಯವಿಲ್ಲದ ಓದುಗ ಬಂಧುಗಳಿಗೆ ಒಂದೆರಡು ಮಾತು ಹೇಳಬೇಕು. ನಿಜವಾದ ವಿಮಾನ, ಹಡಗು, ರೈಲು ಮೊದಲಾದುವನ್ನು ಒಂದು ಗೊತ್ತಾದ ಪ್ರಮಾಣಕ್ಕೆ ಇಳಿಸಿ, ಅಳತೆ ತಪ್ಪದಂತೆ ಕಟ್ಟುವುದಕ್ಕೆ ಸ್ಕೇಲ್ ಮಾಡೆಲಿಂಗ್ ಎಂದು ಹೆಸರು. ವಿಮಾನಗಳಿಗೆ ಬಹಳವಾಗಿ ರೂಢಿಯಲ್ಲಿರುವ ಪ್ರಮಾಣ ಎಪ್ಪತ್ತೆರಡರಲ್ಲಿ ಒಂದು. ಎಪ್ಪತ್ತೆರಡೇ ಏಕೆಂದರೆ, ಆ ಲೆಕ್ಕದಲ್ಲಿ ಆರು ಅಡಿಯ ಆಳು ಸರಿಯಾಗಿ ಒಂದು ಅಂಗುಲವಾಗುತ್ತಾನೆ. ಬ್ರಿಟನ್ನಿನಲ್ಲಿ 1930ರ ದಶಕದಲ್ಲಿಯೇ ಮರದ ಮಾದರಿಗಳಿಂದ ಆರಂಭವಾದ ಈ ಪ್ರಮಾಣವನ್ನು ಮನೆಮನೆಗೆ ಮುಟ್ಟಿಸಿದ್ದು ಏರ್‌ಫಿಕ್ಸ್ ಎಂಬ ಕಂಪನಿ. ಹಂಗೇರಿಯಿಂದ ಬಂದ ನಿಕೋಲಸ್ ಕೋವ್ ಎಂಬವರು ಅದನ್ನು 1939ರಲ್ಲಿ ಲಂಡನ್ನಿನಲ್ಲಿ ಸ್ಥಾಪಿಸಿದರು. ಮೊದಲು ಗಾಳಿ ತುಂಬುವ ರಬ್ಬರ್ ಆಟಿಕೆ, ಆಮೇಲೆ ಬಾಚಣಿಗೆ. 1949ರಲ್ಲಿ ಫರ್ಗ್ಯುಸನ್ ಟ್ರಾಕ್ಟರಿನ ಮಾರಾಟಗಾರರು ರೈತರಿಗೆ ತೋರಿಸಲೆಂದು ಒಂದು ಪುಟ್ಟ ಪ್ಲಾಸ್ಟಿಕ್ ಟ್ರಾಕ್ಟರು. ಜೋಡಿಸಿ ಮಾರುವುದಕ್ಕಿಂತ ಬಿಡಿ ಭಾಗಗಳನ್ನೇ ಮಾರುವುದು ಅಗ್ಗವೆಂದು ತಿಳಿದ ಮೇಲೆ, 1952ರಲ್ಲಿ ಗೋಲ್ಡನ್ ಹೈಂಡ್ ಹಡಗಿನ ಬಿಡಿ ಭಾಗಗಳನ್ನು ಎರಡು ಷಿಲ್ಲಿಂಗಿಗೆ ಅಂಗಡಿಗಳಲ್ಲಿಟ್ಟರು. ಮರುವರ್ಷ ಸ್ಪಿಟ್‌ಫೈರ್ ವಿಮಾನ ಬಂದಿತು. ಇಂಗ್ಲೆಂಡಿನ ಒಂದು ತಲೆಮಾರಿನ ಹುಡುಗರು ಕೈಬೆರಳಿಗೆ ಅಂಟು ಮೆತ್ತಿಕೊಂಡೇ ಬೆಳೆದರು ಎನ್ನಬಹುದು.

ಆ ಅಂಟು ನನ್ನ ಬೆರಳಿಗೆ ತಗುಲಿದ್ದು 1966ರಲ್ಲಿ. ನಮ್ಮ ದೊಡ್ಡಪ್ಪನವರ ಮಗ, ನಾನು ಅಣ್ಣನೆಂದೇ ಕರೆಯುತ್ತಿದ್ದವರು, ಇಂಗ್ಲೆಂಡಿನಲ್ಲಿ ವೈದ್ಯರಾಗಿದ್ದರು. ಬೆಂಗಳೂರಿಗೆ ಬರುವಾಗ ಎಲ್ಲರಿಗೂ ಉಣ್ಣೆಯ ಅಂಗಿ, ಸಾಬೂನು ತಂದರು. ನನಗೆ ಮಾತ್ರ ಒಂದು ಪ್ಲಾಸ್ಟಿಕ್ ಚೀಲ. ಅದರ ಬಾಯಿಗೆ ಮಡಿಸಿ ಹೊಡೆದ ಕಾಗದದ ಮೇಲೆ ಸ್ಪಿಟ್‌ಫೈರಿನ ಚಿತ್ರ. ಒಳಗೆ ಕಡ್ಡಿಗಳ ಚೌಕಟ್ಟಿಗೆ, ಬಳ್ಳಿಗೆ ಕಾಯಿ ಜೋತಂತೆ, ರೆಕ್ಕೆ, ಬಾಲ, ಗಾಲಿಗಳು ಜೋತುಕೊಂಡಿದ್ದುವು. ಎರಡೇ ಗಂಟೆಯಲ್ಲಿ ಕಟ್ಟಿ ಮುಗಿಸಿದೆ. ಗಾಜಿನ ಮೇಲೆಲ್ಲ ಬೆರಳಚ್ಚು, ಒಂದು ಗಾಲಿ ಓರೆ. ಆದರೂ ಗೇಣುದ್ದವೂ ಇಲ್ಲದ ಆ ರೆಕ್ಕೆಗಳನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಾಗ ಆದ ಸಂತೋಷವನ್ನು ಏನೆಂದು ಹೇಳಲಿ!

ಅಷ್ಟು ಹೊತ್ತಿಗೆ ನಮ್ಮ ತಲೆಯ ಮೇಲೆಯೇ ನಿಜವಾದ ವಿಮಾನಗಳು ಹಾರಾಡುತ್ತಿದ್ದುವೆಂಬುದನ್ನು ಮರೆಯಬಾರದು. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ, ಎಂದರೆ ಇಂದಿನ ಎಚ್.ಎ.ಎಲ್.ನಲ್ಲಿ, ಜರ್ಮನಿಯ ಕುರ್ಟ್ ಟಾಂಕ್ ಅವರ ನೇತೃತ್ವದಲ್ಲಿ ಸಿದ್ಧವಾದ ಮಾರುತ್ ವಿಮಾನ 1961ರ ಜೂನ್ 17ರಂದು ಮೊದಲ ಬಾರಿಗೆ ಬೆಂಗಳೂರಿನ ಆಕಾಶಕ್ಕೆ ಏರಿತು. ಅದಕ್ಕೂ ಮೊದಲು ನಡೆದ ಸಂಗತಿ ನನಗೆ ಇನ್ನೂ ಪ್ರಿಯವಾದುದು. ಅದೇ ವಿಮಾನದ ಪೂರ್ಣ ಗಾತ್ರದ ಮಾದರಿಯೊಂದನ್ನು ಎಂಜಿನ್ನಿಲ್ಲದೆ ಬರಿಯ ಮರದಲ್ಲಿ ಕಟ್ಟಿ, 1959ರಿಂದ ಡಕೋಟ ವಿಮಾನದ ಹಿಂದೆ ಹಗ್ಗ ಕಟ್ಟಿ ಮೇಲಕ್ಕೆಳೆದೊಯ್ದು, ಎಪ್ಪತ್ತಕ್ಕೂ ಹೆಚ್ಚು ಬಾರಿ ತೇಲಿಬಿಟ್ಟು ಪರೀಕ್ಷಿಸಿದ್ದರು. ದೊಡ್ಡ ದೊಡ್ಡ ಎಂಜಿನಿಯರುಗಳೂ ಮೊದಲು ಮಾದರಿಯನ್ನೇ ಕಟ್ಟುತ್ತಾರಲ್ಲವೇ ಎಂದು ನಾನು ನಮ್ಮ ತಂದೆಯವರ ಮುಂದೆ ವಾದಿಸುತ್ತಿದ್ದೆ. ‘ಅವರಿಗೆ ಸಂಬಳ ಬರುತ್ತದೆ’ ಎಂಬುದೇ ಅವರ ಉತ್ತರ.

ನನ್ನ ಮನಸ್ಸನ್ನು ಸಂಪೂರ್ಣವಾಗಿ ಸೂರೆಗೊಂಡದ್ದು ಮಾತ್ರ ಮಾರುತ್ ಅಲ್ಲ, ನ್ಯಾಟ್. ಆ ಇಂಗ್ಲಿಷ್ ಹೆಸರಿನ ಅರ್ಥ ನುಸಿ ಎಂದು. ಹೆಸರಿಗೆ ತಕ್ಕಂತೆ ಬಹಳ ಪುಟ್ಟ ಯುದ್ಧವಿಮಾನ. ರೆಕ್ಕೆಯ ಹರವು ಏಳು ಮೀಟರೂ ಇಲ್ಲ. ಇಂಗ್ಲೆಂಡಿನ ಫಾಲಂಡ್ ಕಂಪನಿಯ ಈ ವಿಮಾನವನ್ನು ನಮ್ಮ ಕಾರ್ಖಾನೆಯವರು ಮೊದಮೊದಲು ಅಲ್ಲಿಂದ ಬಂದ ಬಿಡಿ ಭಾಗಗಳಿಂದ ಜೋಡಿಸಿದರು, ಎಂದರೆ ಅವರಿಗೂ ಅದು ಪೆಟ್ಟಿಗೆಯಲ್ಲಿಯೇ ಬಂದಿತು! ಆಮೇಲೆ ಪೂರ್ತಿಯಾಗಿ ಇಲ್ಲಿಯೇ ತಯಾರಿಸಿದರು. 1965ರ ಯುದ್ಧದಲ್ಲಿ ಅದು ತನಗಿಂತ ದೊಡ್ಡದಾದ ಸೇಬರ್ ವಿಮಾನಗಳನ್ನು ಕೆಡವಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಒಂಟಿಯಾಗಿ ಹೋರಾಡಿ ಮಡಿದು, ವಾಯುಪಡೆಗೆ ಏಕೈಕ ಪರಮವೀರಚಕ್ರವನ್ನು ತಂದುಕೊಟ್ಟ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಅವರು ಏರಿದ್ದುದೂ ನ್ಯಾಟ್ ವಿಮಾನವನ್ನೇ.

ಇದನ್ನು ರೂಪಿಸಿದ ಪೆಟ್ಟರ್ ಎಂಬ ಮಹನೀಯರ ವಿಚಾರವನ್ನು ನಾನು ಬಹಳ ತಡವಾಗಿ ಓದಿದೆ. ಕ್ಯಾನ್‌ಬೆರಾ ಬಾಂಬರನ್ನೂ ರೂಪಿಸಿದ್ದ ಅವರು, ಕೀರ್ತಿಯಲ್ಲಿದ್ದಾಗಲೇ ವಿಮಾನಗಳ ಲೋಕವನ್ನು ಬಿಟ್ಟು ಸ್ವಿಟ್ಜರ್‌ಲೆಂಡಿನಲ್ಲಿ ಒಂದು ಧಾರ್ಮಿಕ ಸಮುದಾಯವನ್ನು ಸೇರಿಬಿಟ್ಟರಂತೆ. ಮತ್ತೆ ಅತ್ತ ತಿರುಗಲಿಲ್ಲ, 1968ರಲ್ಲಿ ತೀರಿಕೊಂಡರು. ಹಾಗೆ ಬಿಡುವುದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು! ನಾನಂತೂ ಬಿಟ್ಟೆನೆಂದುಕೊಂಡು ಬೀಗದ ಕೈಯನ್ನು ಮೇಜಿನ ಖಾನೆಯಲ್ಲಿಯೇ ಇಟ್ಟುಕೊಂಡಿದ್ದವನು.

1977ರಲ್ಲಿ ಅಣ್ಣ ಕಳಿಸಿದ ಏರ್‌ಫಿಕ್ಸ್ ನ್ಯಾಟ್ ನನ್ನ ಕೈಸೇರಿತು. ತೆರೆದು ನೋಡಿದರೆ ಅದು ಇಬ್ಬರು ಕೂರುವ ತರಬೇತಿ ವಿಮಾನ. ನಮ್ಮ ವಾಯುಪಡೆಯದು ಒಬ್ಬನೇ ಕೂರುವಂಥದು. ಒಡಲು ಉದ್ದ, ರೆಕ್ಕೆ ಅಗಲ, ಬಾಲ ಎತ್ತರ. ಲೆಕ್ಕ ಹಾಕಿದೆ: ತರಬೇತಿ ವಿಮಾನದ ಉದ್ದ 9.68 ಮೀಟರು, ನಮ್ಮದು 8.74. ಎಪ್ಪತ್ತೆರಡರಿಂದ ಭಾಗಿಸಿದರೆ ಒಡಲಿನಲ್ಲಿ ಸುಮಾರು 13 ಮಿಲಿಮೀಟರು ಕೊಯ್ದು ತೆಗೆಯಬೇಕು. ಒಂದೊಂದು ರೆಕ್ಕೆಯ ತುದಿಯಲ್ಲಿ ನಾಲ್ಕು ನಾಲ್ಕು ಮಿಲಿಮೀಟರು. ಹೊಸದಾದ ವಸ್ತುವನ್ನು ಗರಗಸಕ್ಕೆ ಕೊಡುವಾಗ ಕೈ ನಡುಗಿತು. ಕೊಯ್ದ ಸಂದುಗಳಿಗೆ ಮನೆಗೆ ಬಣ್ಣ ಬಳಿಯುವವರು ಬಳಸುವ ಪಟ್ಟಿಯನ್ನು ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜುವುದು. ಬೆರಳು ಸವರಿ ನೋಡುವುದು. ಮತ್ತೆ ತುಂಬುವುದು, ಮತ್ತೆ ಉಜ್ಜುವುದು. ರಾತ್ರಿ ಊಟವಾದ ಮೇಲೆ ಒಂದು ಗಂಟೆ, ಭಾನುವಾರ ಲಿಂಗಪೂಜೆ ಮುಗಿದ ಮೇಲೆ ಎರಡು ಗಂಟೆ. ನಾಲ್ಕು ವರ್ಷ ಹೀಗೇ ನಡೆಯಿತೆಂದರೆ ನೀವು ನಗಬಹುದು.

ಎಲ್ಲಕ್ಕಿಂತ ಕಷ್ಟವಾದದ್ದು ಚಾಲಕನ ತಲೆಯ ಮೇಲಿನ ಗಾಜಿನ ಗುಮ್ಮಟ. ಪೊಟ್ಟಣದಲ್ಲಿ ಬಂದದ್ದು ಇಬ್ಬರಿಗಾಗುವಷ್ಟು ಉದ್ದ. ಅದನ್ನು ಕತ್ತರಿಸಿದರೆ ಆಕಾರ ಕೆಡುತ್ತದೆ. ಚನ್ನಪಟ್ಟಣದ ಬೊಂಬೆಗಳನ್ನು ಮಾಡುವ ಆಲೆಮರದ ತುಂಡೊಂದರಲ್ಲಿ ಆ ಗುಮ್ಮಟದ ಅಚ್ಚನ್ನು, ಅವರೆಕಾಳಿಗಿಂತ ತುಸು ದೊಡ್ಡದಾಗಿ, ಕೆತ್ತಿದೆ. ಅಂಗಿಯ ಪೆಟ್ಟಿಗೆಯ ಪಾರದರ್ಶಕ ಮುಚ್ಚಳವನ್ನು ತೂತಿರುವ ಹಲಗೆಗೆ ಮೊಳೆ ಹೊಡೆದು ಬಿಗಿದು, ಸೀಮೆಎಣ್ಣೆಯ ಒಲೆಯ ಮೇಲೆ ಕಾಯಿಸಿ, ಅದು ಹಪ್ಪಳದಂತೆ ಮೆತ್ತಗಾಗುವ ಗಳಿಗೆಯಲ್ಲಿ ಅಚ್ಚನ್ನು ಒತ್ತಬೇಕು. ಒಂದು ಕ್ಷಣ ಮೊದಲಾದರೆ ಬಾಗುವುದಿಲ್ಲ, ಒಂದು ಕ್ಷಣ ತಡವಾದರೆ ಸುಟ್ಟು ಗುಳ್ಳೆಯೇಳುತ್ತದೆ. ಹಲಗೆಯನ್ನು ನಮ್ಮ ಮನೆಯವರು ಇಕ್ಕಳದಲ್ಲಿ ಹಿಡಿದುಕೊಳ್ಳುವರು, ನಾನು ಒತ್ತುವೆನು. ‘ರೊಟ್ಟಿ ಬೇಯುವ ಹದ ನನಗೆ ಗೊತ್ತು, ನಾನು ಹೇಳಿದಾಗ ಒತ್ತಿರಿ’ ಎಂದರು. ಅದುವರೆಗೆ ಹನ್ನೊಂದು ಗುಮ್ಮಟಗಳು ಹಾಳಾಗಿದ್ದುವು. ಹನ್ನೆರಡನೆಯದು, ಅವರು ‘ಈಗ’ ಎಂದಾಗ ಒತ್ತಿದ್ದು, ನೀರಿನ ಹನಿಯಂತೆ ಎದ್ದು ಬಂದಿತು.

ಇಂಥ ಕೆಲಸದಲ್ಲಿ ತಿಳಿಯುವ ಕೆಲವು ಲೆಕ್ಕಗಳಿವೆ. ಉದ್ದವನ್ನು ಎಪ್ಪತ್ತೆರಡರಿಂದ ಭಾಗಿಸಿದರೆ, ಘನ ಗಾತ್ರವನ್ನು 3,73,248ರಿಂದ ಭಾಗಿಸಿದಂತಾಗುತ್ತದೆ. ಸುಮಾರು 2,200 ಕಿಲೋ ತೂಗುವ ಬರಿಯ ನ್ಯಾಟ್ ವಿಮಾನ ಆ ಪ್ರಕಾರ ಆರು ಗ್ರಾಮಿಗೆ ಇಳಿಯುತ್ತದೆ. ಮಾಡುವವನ ತಪ್ಪು ಮಾತ್ರ ಇಳಿಯುವುದಿಲ್ಲ, ಏರುತ್ತದೆ. ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು ದಪ್ಪನಾಗಿ ಬಣ್ಣ ಬಳಿದರೆ, ನಿಜವಾದ ವಿಮಾನಕ್ಕೆ ಏಳು ಮಿಲಿಮೀಟರು ಗಾರೆ ಮೆತ್ತಿದಂತೆ. ಇದು ತಿಳಿದಂದಿನಿಂದ ನಾನು ಕುಂಚವನ್ನು ಹಿಡಿಯುವ ರೀತಿಯೇ ಬೇರೆಯಾಯಿತು. ಪ್ಲಾಸ್ಟಿಕ್ಕಿನ ಅಂಟಿನ ವಿಷಯವೂ ಹೀಗೆಯೇ. ಅದು ಗೋಂದಿನಂತೆ ನಡುವೆ ನಿಂತು ಎರಡನ್ನು ಹಿಡಿಯುವುದಿಲ್ಲ. ಎರಡು ಅಂಚುಗಳನ್ನೂ ಕರಗಿಸಿ ಬೆಸೆದು, ತಾನು ಆವಿಯಾಗಿ ಹೋಗುತ್ತದೆ. ಆ ಆವಿಯ ಮಾತು ಮುಂದೆ ಬರುತ್ತದೆ.

ಇದಕ್ಕೂ ಮುಂಚಿನ ಒಂದು ಪ್ರಸಂಗ. 1974ರಲ್ಲಿ ನಮ್ಮ ಊರಿನ ಮಠದ ಹಿರಿಯ ಶ್ರೀಗಳು ಪಾದಪೂಜೆಗೆಂದು ನಮ್ಮ ಮನೆಗೆ ದಯಮಾಡಿಸಿದ್ದರು. ನಮ್ಮ ತಂದೆಯವರು ಹಿಂದಿನ ದಿನವೇ ನನ್ನ ವಿಮಾನಗಳನ್ನೆಲ್ಲ ಬೀರುವಿನೊಳಗೆ ಸೇರಿಸಿದ್ದರೂ ಕಿಟಕಿಯ ಮೇಲಿದ್ದ ಒಂದು ಅವರ ಕಣ್ಣು ತಪ್ಪಿಸಿಕೊಂಡಿತ್ತು. ಪ್ರಸಾದವಾದ ಮೇಲೆ ಶ್ರೀಗಳು ಅದನ್ನು ಅಂಗೈಯಲ್ಲಿ ಇರಿಸಿಕೊಂಡು, ‘ಇದು ಹಾರುತ್ತದೆಯೇನಪ್ಪ?’ ಎಂದರು.

‘ಇಲ್ಲ ಬುದ್ಧಿ.’

‘ಮಕ್ಕಳು ಆಡುತ್ತವೆಯೇ?’

‘ಮುಟ್ಟಿದರೆ ಮುರಿಯುತ್ತದೆ ಬುದ್ಧಿ.’

‘ಮಾರುತ್ತೀಯೋ?’

‘ಇಲ್ಲ ಬುದ್ಧಿ.’

‘ಹಾಗಾದರೆ ಇದನ್ನು ಮಾಡಿ ನಿನಗೆ ಬಂದದ್ದೇನು?’

ನಮ್ಮ ತಂದೆಯವರು ನೆಲ ನೋಡುತ್ತ ನಿಂತಿದ್ದರು. ನನಗೆ ತೋಚಿದ್ದನ್ನು ಹೇಳಿದೆ: ‘ನೋಡುವುದು ಬಂತು ಬುದ್ಧಿ.’ ಶ್ರೀಗಳು ನಕ್ಕು, ‘ಬಂತೋ, ಬರುತ್ತಿದೆಯೋ?’ ಎಂದು ಕೇಳಿ, ವಿಮಾನವನ್ನು ಎಲ್ಲಿಂದ ತೆಗೆದುಕೊಂಡಿದ್ದರೋ ಅಲ್ಲಿಯೇ, ಅದೇ ದಿಕ್ಕಿಗೆ ಮುಖಮಾಡಿ ಇಟ್ಟರು. ಅಂದಿನಿಂದ ನಮ್ಮ ತಂದೆಯವರು ಸಂಬಳದ ಮಾತೆತ್ತಲಿಲ್ಲ.

ಇದೂ ಒಂದು ಕಾಯಕವೇ ಅಲ್ಲವೇ ಎಂದು ನನ್ನನ್ನು ಸಮಾಧಾನಪಡಿಸಲು ಯತ್ನಿಸಿದ ಮಿತ್ರರುಂಟು. ನಾನು ಒಪ್ಪುವುದಿಲ್ಲ. ಕಾಯಕವೆಂದರೆ ದಾಸೋಹಕ್ಕೆ ದಾರಿಯಾಗಬೇಕು. ಇನ್ನೊಬ್ಬರ ಹಸಿವಿಗೋ ಬಳಕೆಗೋ ಒದಗಬೇಕು. ನನ್ನ ಕಾಯಕವಿದ್ದದ್ದು ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ. ಅದರಿಂದ ಮನೆ ನಡೆಯಿತು, ಕೈಲಾದಷ್ಟು ದಾಸೋಹವೂ ನಡೆಯಿತು. ರಾತ್ರಿ ನಾನು ಮಾಡುತ್ತಿದ್ದುದರಿಂದ ಯಾರ ಹೊಟ್ಟೆಯೂ ತುಂಬಲಿಲ್ಲ. ಶರಣರ ದೊಡ್ಡ ಮಾತನ್ನು ನಮ್ಮ ಸಣ್ಣ ಸುಖಗಳಿಗೆ ಹೊದಿಸುವ ಚಾಳಿ ಈಚೆಗೆ ಬಹಳವಾಗಿದೆ, ನನಗದು ಸರಿಬರುವುದಿಲ್ಲ. ಅದು ಒಂದು ಪ್ರೀತಿ, ಅಷ್ಟೆ. ಪ್ರೀತಿಗೆ ಬೇರೆ ಹೆಸರಿನ ಹಂಗು ಏಕೆ?

ಇನ್ನು ಬಿಟ್ಟ ಕಥೆ. ಮಗಳು ಹುಟ್ಟಿದ್ದು 1979ರಲ್ಲಿ. 1980ರ ಚಳಿಗಾಲದಲ್ಲಿ ಅವಳಿಗೆ ಉಬ್ಬಸ ಕಾಣಿಸಿಕೊಂಡಿತು. ರಾತ್ರಿಯೆಲ್ಲ ಅವಳನ್ನು ಭುಜಕ್ಕೆ ಹಾಕಿಕೊಂಡು ನಡುಮನೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದೆವು. ಪುಟ್ಟ ಪಕ್ಕೆಲುಬುಗಳು ತಿದಿಯಂತೆ ಏರಿಳಿಯುತ್ತಿದ್ದುವು. ಶಿವರಾತ್ರಿಯ ಜಾಗರಣೆಯ ರಾತ್ರಿ ಅದು ವಿಪರೀತಕ್ಕೆ ಹೋಗಿ ಆಸ್ಪತ್ರೆಗೆ ಒಯ್ಯಬೇಕಾಯಿತು. ವೈದ್ಯರು ನೂರೆಂಟು ಪ್ರಶ್ನೆ ಕೇಳುತ್ತ, ‘ಮನೆಯಲ್ಲಿ ಸೀಮೆಎಣ್ಣೆ, ಬಣ್ಣ, ಅಂಟು ಇಂಥವುಗಳ ವಾಸನೆಯೇನಾದರೂ ಇದೆಯೇ?’ ಎಂದರು. ನಮ್ಮ ಮನೆಯವರು ಸೀಮೆಎಣ್ಣೆಯ ಒಲೆ ಇದೆಯೆಂದರು. ಮಿಕ್ಕದ್ದನ್ನು ಹೇಳದೆ ನನ್ನ ಮುಖ ನೋಡಿದರು. ಅಷ್ಟೆ, ಒಂದು ಸಲ ನೋಡಿದರು.

ಮರುದಿನವೇ ಎಲ್ಲವನ್ನೂ ಟ್ರಂಕಿಗೆ ತುಂಬಿದೆ. ಅಂಟಿನಿಂದಲೇ ಉಬ್ಬಸ ಬಂದಿತೆಂದು ವೈದ್ಯರು ಹೇಳಲಿಲ್ಲ. ನಾನು ಬಿಟ್ಟದ್ದರಿಂದ ಅದು ವಾಸಿಯಾಯಿತೆಂದು ಹೇಳುವಂತೆಯೂ ಇಲ್ಲ. ಒಲೆ ಹೋಗಿ ಗ್ಯಾಸು ಬಂತು, ಟ್ರಂಕು ಅಟ್ಟಕ್ಕೆ ಹೋಯಿತು, ಆದರೂ ಅವಳು ಹತ್ತು ವರ್ಷದವಳಾಗುವವರೆಗೆ ಪ್ರತಿ ಚಳಿಗಾಲವೂ ನಮ್ಮನ್ನು ಹೆದರಿಸಿಯೇ ಹೋಗುತ್ತಿತ್ತು. ತ್ಯಾಗಕ್ಕೆ ತಕ್ಷಣ ಫಲ ಸಿಗುವುದು ಪುರಾಣಗಳಲ್ಲಿ. ಅದೇ 1981ರಲ್ಲಿ ಅತ್ತ ಏರ್‌ಫಿಕ್ಸ್ ಕಂಪನಿಯೂ ದಿವಾಳಿಯೆದ್ದಿತೆಂದು ಅಣ್ಣನ ಕಾಗದದಿಂದ ತಿಳಿದು, ಸಣ್ಣತನವೆಂದರೂ ಸರಿಯೆ, ಒಂದು ಬಗೆಯ ಸಮಾಧಾನವಾಯಿತು. ಆಮೇಲೆ ಅದು ಕೈಯಿಂದ ಕೈಗೆ ಮಾರಾಟವಾಗುತ್ತ 2006ರಲ್ಲಿ ಹಾರ್ನ್‌ಬಿ ಎಂಬ ರೈಲು ಮಾದರಿಗಳ ಕಂಪನಿಯ ಪಾಲಾಯಿತು.

ಮಗಳು ಗುಣವಾದ ಮೇಲೆ ಮತ್ತೆ ತೆರೆಯಬಹುದಾಗಿತ್ತಲ್ಲ ಎಂದು ಕೇಳುವಿರಿ. ತೆರೆಯಬಹುದಾಗಿತ್ತು. ಮೊದಲು ಹೆದರಿಕೆ, ಆಮೇಲೆ ತಂದೆಯವರ ಕಾಯಿಲೆ, ಮಕ್ಕಳ ಓದು, ಮದುವೆ, ಆಮೇಲೆ ಕಣ್ಣಿನ ಪೊರೆ. ಆದರೆ ಕೈ ಬಿಟ್ಟರೂ ಕಣ್ಣು ಬಿಡಲಿಲ್ಲ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ದಾಗ ಅವರು ಒಳಗೆ ಯಂತ್ರಗಳ ಗುಂಡಿ ಒತ್ತುತ್ತಿದ್ದರೆ ನಾನು ಹೊರಗೆ ನಿಂತ ಮಾರುತ್ ವಿಮಾನದ ಸುತ್ತ ತಿರುಗುತ್ತಿದ್ದೆ. ಗಾಳಿ ಒಳಸೇರುವ ಬಾಯಿಗಳ ಅರ್ಧಶಂಕು, ಮಳೆನೀರು ಇಳಿದು ಬಣ್ಣ ಮಾಸಿದ ಗೆರೆ, ಬಾಲದ ಬುಡದಲ್ಲಿ ತಗಡು ಕೂಡುವ ಸಂದು, ಇವನ್ನೆಲ್ಲ ಮನಸ್ಸಿನಲ್ಲಿಯೇ ಎಪ್ಪತ್ತೆರಡರಿಂದ ಭಾಗಿಸುತ್ತಿದ್ದೆ. ಬಸ್ಸಿನಲ್ಲಿ ಹೋಗುವಾಗ ದೇವಸ್ಥಾನದ ಗೋಪುರ ಕಂಡರೂ ಅದೇ ಭಾಗಾಕಾರ. ‘ಏನು ಲೆಕ್ಕ ಹಾಕುತ್ತಿದ್ದೀರಿ?’ ಎಂದು ಮನೆಯವರು ಕೇಳಿದರೆ ‘ಏನಿಲ್ಲ’ ಎನ್ನುತ್ತಿದ್ದೆ. ಅವರಿಗೆ ತಿಳಿಯುತ್ತಿತ್ತು.

ಈಗ ಟ್ರಂಕಿನ ಮುಂದಕ್ಕೆ ಬರೋಣ. ಮಗಳು ವಿಮಾನಗಳನ್ನು ಒಂದೊಂದಾಗಿ ಬಿಚ್ಚಿ ಜಮಖಾನೆಯ ಮೇಲೆ ಸಾಲಾಗಿ ಇಡುತ್ತ, ‘ಅಪ್ಪನಿಗೆ ಇಷ್ಟೊಂದು ಕೈಚಳಕವಿತ್ತೆಂದು ನಮಗೆ ಗೊತ್ತೇ ಇರಲಿಲ್ಲ, ಬೇಸರ ಬಂದು ಬಿಟ್ಟಿರೇನೋ’ ಎಂದಳು. ಆಮೇಲೆ ನೋಟುಪುಸ್ತಕ ತೆಗೆದಳು. ಪ್ರತಿ ದಿನ ಎಷ್ಟು ಹೊತ್ತು, ಏನು ಕೆಲಸ ಎಂಬುದನ್ನು ನಾನು ಅದರಲ್ಲಿ ಬರೆದಿಡುತ್ತಿದ್ದೆ; ಕಾರ್ಖಾನೆಯ ಅಭ್ಯಾಸ. ಹಾಳೆ ತಿರುವುತ್ತ ಹೋದವಳು ಕೊನೆಯ ಪುಟದಲ್ಲಿ ನಿಂತಳು. ಅಲ್ಲಿ ಬರೆದದ್ದನ್ನು ನಾನೇ ಮರೆತಿದ್ದೆ: ‘ಮಾರ್ಚ್ 1981. ಗುಮ್ಮಟ ಕೂಡಿಸಿಲ್ಲ. ಮಗುವಿಗೆ ಉಬ್ಬಸ. ಇಲ್ಲಿಗೆ ನಿಲ್ಲಿಸಿದೆ.’

ನಲವತ್ತೈದು ವರ್ಷದ ಮಗಳು, ಶಾಲೆಯಲ್ಲಿ ನೂರಾರು ಮಕ್ಕಳನ್ನು ಗದರಿಸುವವಳು, ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ, ‘ನನಗೇಕೆ ಹೇಳಲಿಲ್ಲಪ್ಪ?’ ಎಂದಳು.

‘ಹೇಳುವಂಥದ್ದು ಏನಿತ್ತು ತಾಯಿ?’

‘ನಾನು ದೊಡ್ಡವಳಾದ ಮೇಲಾದರೂ ಹೇಳಬಹುದಾಗಿತ್ತು. ನಾನೇ ತೆಗೆಸುತ್ತಿದ್ದೆ.’

ಅವಳ ಮಾತಿನಲ್ಲಿದ್ದುದು ಪ್ರೀತಿಯಷ್ಟೇ ಅಲ್ಲ, ಕೋಪವೂ ಇತ್ತು. ನಾನು ಅವಳಿಗೆ ಉಪಕಾರ ಮಾಡಿದೆನೆಂದುಕೊಂಡು, ಅವಳಿಗೆ ತಿಳಿಯದ ಸಾಲವೊಂದನ್ನು ಅವಳ ಹೆಸರಿನಲ್ಲಿ ಬರೆದು ಬೀಗ ಹಾಕಿಟ್ಟಿದ್ದೆ. ತಂದೆತಾಯಿಗಳು ಹೀಗೆ ಮಾಡುತ್ತೇವೆ. ನಮ್ಮ ಮನೆಯವರು ಮಾತ್ರ ಕಾಫಿ ತಂದಿಟ್ಟು, ‘ಆ ರೊಟ್ಟಿ ಹದದ ಗುಮ್ಮಟ ಇದೆಯೋ, ಹೋಯಿತೋ?’ ಎಂದು ಬಿಸ್ಕತ್ತಿನ ಡಬ್ಬಿಯನ್ನು ಎಳೆದುಕೊಂಡರು. ಹತ್ತಿಯಲ್ಲಿ ಸುತ್ತಿಟ್ಟದ್ದು ಹಾಗೆಯೇ ಇತ್ತು. ಸ್ವಲ್ಪ ಹಳದಿ ತಿರುಗಿತ್ತು, ಅಷ್ಟೆ.

ಟ್ರಂಕು ಗುಜರಿಗೆ ಹೋಗಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಮರುಸಲ ಬಂದಾಗ ಮಗಳು ತನ್ನ ಮಗನಿಗೆಂದು ಸುಮಾರು ಹತ್ತು ವರ್ಷಗಳ ಹಿಂದೆ ಕೊಂಡು, ಅವನು ಮುಟ್ಟದೇ ಬಿಟ್ಟಿದ್ದ ಏರ್‌ಫಿಕ್ಸ್ ಪೆಟ್ಟಿಗೆಯೊಂದನ್ನು ತಂದಳು. ಅದರ ಪಕ್ಕದಲ್ಲಿ ಭಾರತದಲ್ಲಿ ತಯಾರಾದದ್ದೆಂದು ಅಚ್ಚಾಗಿತ್ತು! ಅಣ್ಣ ಸಮುದ್ರ ದಾಟಿಸಿ ತರಬೇಕಾಗಿದ್ದ ವಸ್ತು ನಮ್ಮ ದೇಶದಲ್ಲಿಯೇ ಅಚ್ಚಾಗಿ ಇಂಗ್ಲೆಂಡಿಗೆ ಹೋಗುವ ಕಾಲವೂ ಬಂದಿತ್ತೆಂದು ತಿಳಿಯಲು ಅವರಿಲ್ಲ, 1998ರಲ್ಲಿ ಲಿಂಗೈಕ್ಯರಾದರು.

ಈಗ ನೀರಿನಲ್ಲಿ ಕರಗುವ ಬಣ್ಣಗಳು ಸಿಗುತ್ತವೆ. ಹಿಂದಿನ ಬಣ್ಣಗಳ ಘಾಟು ಅವಕ್ಕಿಲ್ಲ. ಅಂಟಿನ ಕೆಲಸವಿರುವಾಗ ಮಗಳನ್ನು ಹೊರಗೆ ಕಳಿಸಿ, ಬಾಲ್ಕನಿಯಲ್ಲಿ ಕುಳಿತು ಮಾಡುತ್ತೇನೆ. ಅವಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಗಾಜಿನ ಬಾಗಿಲ ಆಚೆ ನಿಂತು ನೋಡುತ್ತಾಳೆ. ನನ್ನ ಬಲಗೈ ಅದುರುತ್ತದೆ. ಮೊದಲ ದಿನ ಗಾಲಿಯೊಂದು ಚಿಮಟದಿಂದ ಹಾರಿ ಎಲ್ಲಿ ಬಿತ್ತೋ ಇಂದಿಗೂ ಸಿಕ್ಕಿಲ್ಲ. ಆದುದರಿಂದ ಹಿಡಿಯುವ ಕೆಲಸ ಅವಳದು, ಹೇಳುವ ಕೆಲಸ ನನ್ನದು. ಒಮ್ಮೊಮ್ಮೆ ಅವಳು ಅವಸರಪಟ್ಟಾಗ ನನ್ನ ಧ್ವನಿ ಏರುತ್ತದೆ. ‘ನಾನೇನು ನಿಮ್ಮ ನಕ್ಷೆ ವಿಭಾಗದ ಹುಡುಗನಲ್ಲ’ ಎಂದು ಅವಳೂ ಎದ್ದುಹೋಗಿದ್ದುಂಟು. ಗುಮ್ಮಟವನ್ನು ಕೂಡಿಸಿದ ದಿನ ಇಬ್ಬರೂ ಉಸಿರು ಬಿಗಿಹಿಡಿದಿದ್ದೆವು. ಕೂಡಿಸಿ ಮುಗಿದ ಮೇಲೆ ಅವಳು ನಿಧಾನವಾಗಿ, ಯಾವ ತಡೆಯೂ ಇಲ್ಲದೆ, ಉಸಿರು ಬಿಟ್ಟದ್ದನ್ನು ನಾನು ಕೇಳಿಸಿಕೊಂಡೆ.

ಇನ್ನು ಉಳಿದಿರುವುದು ವಾಯುಪಡೆಯ ಚಕ್ರಗಳು: ನಡುವೆ ಹಸಿರು, ಸುತ್ತ ಬಿಳಿ, ಹೊರಗೆ ಕೇಸರಿ. ನೀರಿನಲ್ಲಿ ನೆನೆಸಿ ಮೆಲ್ಲನೆ ಜಾರಿಸಿ ಅಂಟಿಸುವ ಆ ಡೀಕಾಲ್ ಹಾಳೆಯನ್ನು ಅಣ್ಣ ಅಂದು ಬೇರೆಯಾಗಿ ಹುಡುಕಿ ಕಳಿಸಿದ್ದರು. ಹೊಸದನ್ನು ತರಿಸಬಹುದೆಂದು ಮಗನೂ ಮೊಮ್ಮಗನೂ ಹೇಳುತ್ತಾರೆ; ನನಗೆ ಅದೇ ಬೇಕು. ಬಿಳಿಯ ಉಂಗುರವೆಲ್ಲ ಹಳದಿಯಾಗಿದೆ. ಇದಕ್ಕೆ ಹಳಬರು ಮಾಡುವ ಉಪಾಯವೊಂದಿದೆ: ಹಾಳೆಯನ್ನು ಪಾರದರ್ಶಕ ಚೀಲದಲ್ಲಿಟ್ಟು ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಅಂಟಿಸಿದರೆ ಕೆಲವು ವಾರಗಳಲ್ಲಿ ಹಳದಿ ಇಳಿಯುತ್ತದೆ. ಆಮೇಲೆ ಪುಡಿಯಾಗದಂತೆ ತೆಳ್ಳಗೆ ವಾರ್ನಿಶ್ ಬಳಿದು ನೀರಿಗೆ ಬಿಡಬೇಕು.

ಹಾಗೆಯೇ ಪೂರ್ವದ ಕಿಟಕಿಗೆ ಅಂಟಿಸಿದ್ದೇನೆ. ಭಾನುವಾರ ಮೈಸೂರಿನಿಂದ ಫೋನು ಮಾಡಿದಾಗ ಮಗಳು ನನ್ನ ಮಂಡಿನೋವನ್ನು ಕೇಳುವುದಕ್ಕೆ ಮೊದಲು ಅದರ ಬಣ್ಣವನ್ನು ಕೇಳುತ್ತಾಳೆ. ಇನ್ನೂ ಬೆಣ್ಣೆಯ ಬಣ್ಣದಲ್ಲಿದೆ ಎಂದೆ. ಆಷಾಢದ ಮೋಡ, ಈ ವಾರ ಬಿಸಿಲು ಬಂದದ್ದು ಎರಡೇ ದಿನ.